ನಡುಮನೆಯ ರೇಡಿಯೋ ರಿಪೇರಿ

ನನ್ನ ಅತ್ತೆಯ ಬಲಗೈ ತೋರುಬೆರಳಿನ ತುದಿಯಲ್ಲಿ ಗೆರೆಗಳೇ ಇರಲಿಲ್ಲ. ಸುಟ್ಟು, ಮಾಗಿ, ಮತ್ತೆ ಸುಟ್ಟು ಅದು ಹುಣಸೆಬೀಜದ ಹಾಗೆ ನುಣ್ಣಗೆ ಹೊಳೆಯುತ್ತಿತ್ತು. ಮನೆಗೆ ಬಂದ ನೆಂಟರು ಅದನ್ನು ಹಿಡಿದು ನೋಡಿ, "ಎಷ್ಟ ರೊಟ್ಟಿ ಬಡದಾಳವ್ವಾ ಈ ಜೀವಾ" ಎಂದು ಮರುಗುತ್ತಿದ್ದರು. ಅತ್ತೆ ಬೆರಳು ಬಿಡಿಸಿಕೊಂಡು ಸೆರಗು ಸರಿಮಾಡಿಕೊಳ್ಳುತ್ತಿದ್ದರು. ಅದು ರೊಟ್ಟಿ ಹಂಚಿನ ಗಾಯವಲ್ಲ, ರೇಡಿಯೋದ ತಂತಿಗಳನ್ನು ಬೆಸೆಯುವ ಕಾದ ಕಡ್ಡಿಯದು ಎಂದು ನನಗೆ ಗೊತ್ತಾಗಲು ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಹದಿನೈದು ದಿನ ಬೇಕಾಯಿತು.

ಬಾಂಗ್ಲಾ ಲಡಾಯಿ ಮುಗಿದ ಮರುವರ್ಷ ನನ್ನ ಮದುವೆ. ಬಸವನಬಾಗೇವಾಡಿಯ ತವರಿನಿಂದ ಇಂಡಿಗೆ ಬಂದೆ. ಮೆಟ್ರಿಕ್ ಪಾಸಾಗಿದ್ದೆ. ವಿಜಾಪುರಕ್ಕೆ ಹೋಗಿ ಶಿಕ್ಷಕರ ತರಬೇತಿ ಮುಗಿಸಬೇಕೆಂಬ ಆಸೆಯನ್ನು ಮಾರ್ಕ್ಸ್ ಕಾರ್ಡಿನ ಜೊತೆಗೆ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಇಟ್ಟುಕೊಂಡೇ ಬಂದಿದ್ದೆ. ನನ್ನ ಗಂಡ ಸಿಂದಗಿಯ ಕಚೇರಿಯೊಂದರಲ್ಲಿ ಗುಮಾಸ್ತರು. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರ ಬೆಳಗಿನ ಬಸ್ಸಿಗೆ ಹೋಗುವವರು. ಉಳಿದ ದಿನಗಳಲ್ಲಿ ಮನೆಯಲ್ಲಿ ಮೂವರೇ: ಮಾವ, ಅತ್ತೆ, ನಾನು. ಮುಂದಿನ ಕೋಣೆ ಮಾವನ ರೇಡಿಯೋ ರಿಪೇರಿ ಅಂಗಡಿ, ರಸ್ತೆಗೆ ತೆರೆದದ್ದು. ಅದರ ಹಿಂದೆ ನಡುಮನೆ, ಅದರ ಹಿಂದೆ ಅಡುಗೆಮನೆ. ಅಂಗಡಿಗೂ ನಡುಮನೆಗೂ ನಡುವೆ ಬಾಗಿಲು, ಬಾಗಿಲಿಗೆ ಹಳೆಯ ಇಳಕಲ್ ಸೀರೆಯ ಪರದೆ. ಆ ಮನೆಯ ಹೆಂಗಸರ ಜಗತ್ತು ಆ ಪರದೆಗೆ ಬಂದು ಮುಗಿಯುತ್ತಿತ್ತು. ಹಿತ್ತಲಿನಲ್ಲೇ ಬಾವಿ ಇದ್ದದ್ದರಿಂದ ನೀರಿಗೆಂದು ಹೊರಗೆ ಹೋಗಿ ನಾಲ್ಕು ಮಂದಿಯ ಮುಖ ನೋಡುವ ಭಾಗ್ಯವೂ ನಮಗಿರಲಿಲ್ಲ.

ಮಧ್ಯಾಹ್ನ ಮಾವ ಅಂಗಡಿಯ ಬಾಗಿಲು ಎಳೆದುಕೊಂಡು ಊಟಕ್ಕೆ ಬರುತ್ತಿದ್ದರು. ಊಟವಾದ ಮೇಲೆ ಗಂಡ ಹೆಂಡತಿ ನಡುಮನೆ ಸೇರಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಹೊಸ ಸೊಸೆ ನಾನು, ನಾಚಿಕೊಂಡು ಅಡುಗೆಮನೆಯಲ್ಲೇ ಕೂತಿರುತ್ತಿದ್ದೆ. ಈ ವಯಸ್ಸಿನಲ್ಲಿ ಇದೇನಪ್ಪಾ ಎಂದು ಒಳಗೊಳಗೇ ನಕ್ಕದ್ದೂ ಉಂಟು. ಆದರೆ ಒಳಗಿಂದ ರಾಳ ಸುಟ್ಟ ವಾಸನೆ ಬರುತ್ತಿತ್ತು. ಒಂದು ದಿನ ಏನೋ ಉರಿಯುತ್ತಿದೆ ಎಂದು ಗಾಬರಿಯಾಗಿ ಬಾಗಿಲು ತಳ್ಳಿದೆ. ಚಾಪೆಯ ಮೇಲೆ ಹಿಂಬದಿ ಬಿಚ್ಚಿದ ರೇಡಿಯೋ. ಅದರ ಮುಂದೆ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೈಯಲ್ಲಿ ಹೊಗೆಯಾಡುವ ಕಡ್ಡಿ ಹಿಡಿದು ಕೂತಿದ್ದರು. ಮಾವ ಗೋಡೆಗೆ ಒರಗಿದ್ದರು. ಎರಡೂ ಅಂಗೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡಿದ್ದರು.

ಅತ್ತೆ ತಲೆ ಎತ್ತಲಿಲ್ಲ. "ನೋಡಿದ್ಯಲ್ಲಾ. ಇನ್ನ ಬಾಗಲಾ ಹಾಕ್ಕೊಂಡ ಒಳಗ ಬಾ. ಹಂಗ ತೆರದ ನಿಂದರಬ್ಯಾಡ" ಎಂದರು. ಒಳಗೆ ಹೋದೆ. ಅಲ್ಲಿಂದ ಎರಡು ವರ್ಷ ಪ್ರತಿ ಮಧ್ಯಾಹ್ನವೂ ನಾನು ಆ ಬಾಗಿಲ ಒಳಗೇ ಇದ್ದೆ.

ಆ ಮನೆಯ ಗುಟ್ಟನ್ನು ಮೊದಲಿಂದ ಹೇಳಬೇಕು. ಮಾವನಿಗೆ ಹುಟ್ಟಿನಿಂದ ಕೆಂಪು, ಹಸಿರು, ಕಂದು ಮೂರೂ ಒಂದೇ ಥರ ಕಾಣುತ್ತಿದ್ದವು. ಹರೆಯದಲ್ಲಿ ರೈಲ್ವೆ ನೌಕರಿಗೆಂದು ಸೊಲ್ಲಾಪುರಕ್ಕೆ ಹೋದವರು ಕಣ್ಣಿನ ಪರೀಕ್ಷೆಯಲ್ಲೇ ನಪಾಸಾದರು. ಊರಿಗೆ ತಿರುಗಿ ಬರಲು ನಾಚಿಕೆಯಾಗಿ ಅಲ್ಲೇ ಒಂದು ರೇಡಿಯೋ ಅಂಗಡಿಯಲ್ಲಿ ಕೆಲಸ ಕಲಿತರು. ರೇಡಿಯೋದ ಹೊಟ್ಟೆಯಲ್ಲಿ ಕರೆಂಟಿನ ಹರಿವಿಗೆ ತಡೆ ಹಾಕುವ, ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡ ರೆಸಿಸ್ಟರುಗಳಿರುತ್ತವೆ. ಅವುಗಳ ಅಳತೆಯನ್ನು ಅಂಕಿಯಲ್ಲಿ ಬರೆದಿರುವುದಿಲ್ಲ, ಬಣ್ಣದ ಗೆರೆಗಳಲ್ಲಿ ಹಾಕಿರುತ್ತಾರೆ. ಬಣ್ಣ ತಿಳಿಯದ ಮನುಷ್ಯ ಬಣ್ಣ ಓದುವ ಕಸುಬಿಗೇ ಹೋಗಿ ಬಿದ್ದಿದ್ದರು. ಇಂಡಿಗೆ ಬಂದು ಅಂಗಡಿ ಇಟ್ಟ ಮೇಲೆ ಅದಕ್ಕೊಂದು ಉಪಾಯ ಕಂಡುಕೊಂಡರು. ರೇಡಿಯೋವನ್ನು ಒಳಗೆ ತಂದು ಹೆಂಡತಿಗೆ ತೋರಿಸಿ, "ಇದು ಯಾವ ಬಣ್ಣಾ?" ಎಂದು ಕೇಳುತ್ತಿದ್ದರು. ಸೀರೆಯ ಬಣ್ಣಗಳಲ್ಲಿ ಹತ್ತು ಥರದ ಕೆಂಪು ಗುರುತಿಸುವ ಹೆಂಗಸಿಗೆ ಅದೇನು ಮಹಾ? ಕೆಲವು ವರ್ಷ ಹೀಗೇ ನಡೆಯಿತು. ಆಮೇಲೆ ಮಾವನ ಕೈ ನಡುಗಲು ಶುರುವಾಯಿತು. ಕಾದ ಕಡ್ಡಿ ಹಿಡಿದರೆ ಒಂದು ಕಡೆ ಬೆಸೆಯಲು ಹೋಗಿ ನಾಲ್ಕು ಕಡೆ ಸುಡುತ್ತಿದ್ದರು. ಅಷ್ಟು ವರ್ಷ ಪಕ್ಕದಲ್ಲಿ ಕೂತು ಕೆಲಸ ನೋಡಿ ಕಲಿತಿದ್ದ ಅತ್ತೆ ಒಂದು ದಿನ ಕಡ್ಡಿಯನ್ನು ಅವರ ಕೈಯಿಂದ ತೆಗೆದುಕೊಂಡರು. ತಿರುಗಿ ಕೊಡುವ ಪ್ರಸಂಗ ಬರಲಿಲ್ಲ.

ಹೊರಗೆ ಯಾರಿಗೂ ಗೊತ್ತಿರಲಿಲ್ಲ. ನೌಕರಿಗೆಂದು ಹೊರಗಿದ್ದ ಮಗನಿಗೂ ಹೇಳಿರಲಿಲ್ಲ. ಗೊತ್ತಾಗಬಾರದೆಂದು ಮಾವ ಮಾಡುತ್ತಿದ್ದ ನಾಟಕ ನೋಡಬೇಕಿತ್ತು. ಅಂಗಡಿಯಲ್ಲಿ ಬೇಸಿಗೆಯಲ್ಲೂ ಶಾಲು ಹೊದ್ದು ಕೂರುತ್ತಿದ್ದರು. ಚಹಾ ಎಂದರೆ ಪ್ರಾಣ ಬಿಡುವ ಮನುಷ್ಯ, ಕಪ್ಪು-ಸಾಸರು ಹಿಡಿದರೆ ಕೈ ಚಾಡಿ ಹೇಳುತ್ತದೆಂದು ಗಿರಾಕಿಗಳ ಮುಂದೆ, "ಚಾ ಬಿಟ್ಟೇನ್ರಿ, ಪಿತ್ತಾ ಆಗತೈತಿ" ಎನ್ನುತ್ತಿದ್ದರು. ಒಳಗೆ ಬಂದು ಅತ್ತೆ ಬಾಯಿಗೆ ಹಿಡಿದ ಕಪ್ಪಿನಲ್ಲಿ ಕುಡಿದು ಮೀಸೆ ಒರೆಸಿಕೊಂಡು ಹೋಗುತ್ತಿದ್ದರು. ಒಮ್ಮೆ ಕೇಳಿಯೇಬಿಟ್ಟೆ, "ಅತ್ತಿ, ನೀವು ಮಾಡೂದು ಹೇಳಿದ್ರ ಏನಾಗತೈತ್ರಿ?" ಅತ್ತೆ ಹೇಳಿದರು, "ಹೆಂಗಸು ಬಿಚ್ಚಿದ್ ರೇಡಿಯೋ ಯಾರ ಒಯ್ತಾರ? ಅದೂ ಅಲ್ಲದ, ಅವ್ರ ಕೈ ಹಿಂಗ ಆಗೇತಿ ಅಂತ ಊರೆಲ್ಲಾ ಡಂಗುರಾ ಸಾರಬೇಕೇನು? ಅಷ್ಟ ಮರ್ಯಾದಿನರ ಅವ್ರಿಗೆ ಇರಲಿ." ಹೀಗೆ ಅವರಿಬ್ಬರೂ ಒಬ್ಬರ ಮರ್ಯಾದೆಯೊಳಗೆ ಒಬ್ಬರು ಸಿಕ್ಕಿಹಾಕಿಕೊಂಡಿದ್ದರು. ಜಗಳ ಕೂಡ ಪಿಸುದನಿಯಲ್ಲೇ ಆಗಬೇಕು. ಹಲ್ಲು ಕಚ್ಚಿ ಪಿಸುಗುಟ್ಟುತ್ತ ಬೈದಾಡುವ ಗಂಡ ಹೆಂಡತಿಯನ್ನು ನಾನು ಆ ಮನೆಯಲ್ಲಿ ಬಿಟ್ಟರೆ ಬೇರೆಲ್ಲೂ ನೋಡಿಲ್ಲ.

ಅತ್ತೆಗೆ ಜಗತ್ತಿನ ಎಲ್ಲ ವಿಷಯದಲ್ಲೂ ಒಂದು ಅಭಿಪ್ರಾಯವಿತ್ತು. ಮುಂದಿನ ಕೋಣೆಯಲ್ಲಿ ಗಂಡಸರು ಸೇರಿ ಸುದ್ದಿ ಕೇಳಿ ಚರ್ಚೆ ಹೂಡುತ್ತಿದ್ದರು. ಅವರಲ್ಲಿ ಮುಖ್ಯರು ಝಳಕಿಯ ಲಾರಿ ಸಾಹುಕಾರರು. ವಾರಕ್ಕೆರಡು ಸಲವಾದರೂ ಬಂದು ಬೆಂಚು ಮುರಿಯುವಂತೆ ಕೂರುವವರು. ಅವರು ಹೊರಗೆ ಒಂದು ಹೇಳಿದರೆ ಅತ್ತೆ ಒಳಗೆ ಜೋಳ ಹಸನು ಮಾಡುತ್ತ ನನಗೊಂದು ಹೇಳುತ್ತಿದ್ದರು. ಅರಬರು ಎಣ್ಣೆಯ ನಳ ಬಂದ್ ಮಾಡಿ ಪೆಟ್ರೋಲು ತುಟ್ಟಿಯಾದಾಗ ಸಾಹುಕಾರರು, "ಮುಗೀತ್ರಿ ಲಾರಿ ಧಂದೆ, ಮತ್ತ ಚಕ್ಕಡಿನ ಗತಿ" ಎಂದು ಅಬ್ಬರಿಸಿದರು. ಅತ್ತೆ ಮೊರ ಕೆಳಗಿಟ್ಟು, "ನಳಾ ಬಂದ್ ಮಾಡಿದಾಂವಾ ಎಷ್ಟ ದಿನಾ ಕುಂತಾನು? ಅವನ ಮನಿಯಾಗೂ ಒಲಿ ಹತ್ತಬೇಕಲಾ" ಎಂದರು. ಮನುಷ್ಯ ಚಂದ್ರನ ಮೇಲೆ ಹೋದ ಮಾತು ಬಂದಾಗ, "ಹೋದವ್ರು ತಿರುಗಿನೂ ಬಂದ್ರಂತ. ನಾ ಸೊಲ್ಲಾಪುರಾನೂ ಕಂಡಿಲ್ಲ ನೋಡು" ಎಂದು ನಕ್ಕರು. ಸೊಲ್ಲಾಪುರವಿರಲಿ, ಹತ್ತಿರದ ಚಡಚಣದ ಪೇಟೆಯನ್ನೂ ಅವರು ನೋಡಿರಲಿಲ್ಲ. ಆದರೆ ಸಿಲೋನಿನ ಹಾಡು, ಲಂಡನ್ನಿನ ಸುದ್ದಿ, ದೆಹಲಿಯ ಸುದ್ದಿ ಯಾವ ಹೊತ್ತಿಗೆ ಮುಳ್ಳು ಎಲ್ಲಿಟ್ಟರೆ ಸಿಗುತ್ತದೆಂದು ಬೆರಳ ತುದಿಯಲ್ಲಿತ್ತು.

ಗಾಡಿಗಳ ವಿಚಾರದಲ್ಲಂತೂ ಅವರ ಕಿವಿ ಬಲು ಚುರುಕು. ರಸ್ತೆಯಲ್ಲಿ ಹೋಗುವುದನ್ನೆಲ್ಲ ಒಳಗೆ ಕೂತೇ ಗುರುತಿಸುತ್ತಿದ್ದರು. "ಇದು ಸಿಂದಗಿ ಬಸ್ಸು. ಡ್ರೈವರ ಬದಲಿ ಆಗ್ಯಾನ, ಗೇರ್ ಹಾಕೂದು ಹೊಸಾ ಕೈ" ಎನ್ನುತ್ತಿದ್ದರು. ಎಲ್ಲ ಗಾಡಿಗಳಲ್ಲಿ ಅವರಿಗೆ ಜೀಪೇ ಇಷ್ಟ. ಯಾಕೆಂದು ಕೇಳಿದೆ. "ಅದಕ್ಕ ಬಾಗಲಾ ಇಲ್ಲಲ್ಲಾ, ಅದಕ್ಕ" ಎಂದರು.

ಆ ದಿನಗಳಲ್ಲಿ ಸೊಲ್ಲಾಪುರ ರಸ್ತೆಯ ಮೈಲಿಗಲ್ಲು ಕಿತ್ತು ಕಿಲೋಮೀಟರಿನ ಕಲ್ಲು ನೆಟ್ಟಿದ್ದು ಸಾಹುಕಾರರಿಗೆ ದೊಡ್ಡ ತಲೆನೋವಾಗಿತ್ತು. ಅವರ ಹಳೆಯ ಲಾರಿಯ ಮೀಟರು ಮೈಲಿಯಲ್ಲೇ ಓಡುತ್ತಿತ್ತು, ಡ್ರೈವರ ಮಾತ್ರ ರಸ್ತೆಯ ಕಲ್ಲು ನೋಡಿ ಲೆಕ್ಕ ಹೇಳುತ್ತಿದ್ದ. "ಇಷ್ಟ ದಿನಾ ಇಪ್ಪತ್ತೆಂಟಿದ್ದ ಹಾದಿ ಒಮ್ಮಿಗೇ ನಲವತ್ತೈದ ಆಗೇತ್ರಿ! ವಿಜಾಪುರ ಏನು ಎದ್ದು ದೂರ ಹೋಗೇತೇನು?" ಎಂದು ಅವರು ಬೆಂಚು ಗುದ್ದಿದರು. ಗಂಡಸರೆಲ್ಲ ಮೈಲಿ ಒಳ್ಳೆಯದೋ ಕಿಲೋಮೀಟರು ಒಳ್ಳೆಯದೋ ಎಂದು ಒಂದು ತಾಸು ಹೊಡೆದಾಡಿದರು. ಒಳಗೆ ಅತ್ತೆ ಹೇಳಿದ್ದು ನನಗೆ ಇಂದಿಗೂ ಕಿವಿಯಲ್ಲಿದೆ. "ಹಾದಿ ಅಷ್ಟ ಐತಿ, ಕಲ್ಲ ಹೆಚ್ಚಾದೂ. ಈ ಒಲಿಯಿಂದ ಆ ಪರದೆಕ ಹನ್ನೆರಡ ಹೆಜ್ಜಿ. ಮೂವತ್ತ ವರ್ಷದಿಂದ ಹನ್ನೆರಡ. ಇದನ್ನ ಯಾವ ಸರ್ಕಾರ ಬದಲಿ ಮಾಡತೈತಿ?"

ಕಿಲೋ, ಲೀಟರು ಅವರಿಗೆ ಆಗುತ್ತಿರಲಿಲ್ಲ. ಸೇರು ಎಂದರೆ ಕಣ್ಣ ಮುಂದೆ ಕೂರುತ್ತದೆ, ಕಿಲೋ ಎಂದರೆ ಬರೀ ಬಾಯಲ್ಲಿರುತ್ತದೆ ಎನ್ನುವುದು ಅವರ ವಾದ. ಆದರೆ ರೇಡಿಯೋದ ಬಣ್ಣದ ಅಳತೆಯ ಮೇಲೆ ಮಾತ್ರ ಅವರಿಗೆ ಭಕ್ತಿಯೇ ಇತ್ತು. "ನೋಡು, ಜಪಾನದವ್ರಿಗೂ ಕೆಂಪು ಅಂದ್ರ ಎರಡ, ಜರ್ಮನದವ್ರಿಗೂ ಕೆಂಪು ಅಂದ್ರ ಎರಡ. ಮ್ಯಾಲ ಎಷ್ಟರ ಬಡದಾಡವಲ್ಲರ್ಯಾಕ, ಒಳಗಿನ ಮಾತ ಒಂದ ಐತಿ" ಎನ್ನುತ್ತಿದ್ದರು. ಗೆರೆಗಳ ಕೊನೆಗೆ ಬಂಗಾರದ್ದೋ ಬೆಳ್ಳಿಯದೋ ಇನ್ನೊಂದು ಗೆರೆ ಇರುತ್ತದೆ. ಅಳತೆಯಲ್ಲಿ ಎಷ್ಟು ತಪ್ಪಿರಬಹುದೆಂದು ಅದು ಹೇಳುತ್ತದೆ. ಬಂಗಾರದ್ದಾದರೆ ತಪ್ಪು ಕಡಿಮೆ, ಬೆಳ್ಳಿಯದಾದರೆ ಅದಕ್ಕಿಂತ ಹೆಚ್ಚು, ಏನೂ ಇಲ್ಲದ್ದರಲ್ಲಿ ಎಲ್ಲಕ್ಕಿಂತ ಹೆಚ್ಚು. ಅದನ್ನು ಕಲಿಸಿದ ದಿನ ಅತ್ತೆ ನನ್ನ ಕಡೆ ನೋಡಿ ಹುಬ್ಬು ಹಾರಿಸಿ, "ಊರಾಗೂ ಹಿಂಗ ಅಲ್ಲೇನು? ಮೈಮ್ಯಾಲ ಬಂಗಾರ ಇದ್ದಾಕಿದು ತಪ್ಪ ಕಡಿಮಿ" ಎಂದರು. ತಾಮ್ರದ ತಂತಿಯ ನಂಬರು ಹೆಚ್ಚಾದಷ್ಟೂ ತಂತಿ ಸಣ್ಣದಾಗುತ್ತದೆ ಎಂದು ಹೇಳಿಕೊಟ್ಟಾಗಲೂ ಹಾಗೆಯೇ. "ಇದು ಸೊಸೀ ಲೆಕ್ಕ. ಮನಿಯಾಗ ವರ್ಷ ಹೆಚ್ಚಾದಂಗ ಸಣ್ಣಾಕೋತ ಹೋಗೂದು" ಎಂದರು. ನಾನು ನಗುತ್ತಿದ್ದೆ. ಆ ನಗುವಿನಲ್ಲಿ ನನ್ನ ಮುಂದಿನ ಮೂವತ್ತು ವರ್ಷವೂ ಇದೆ ಎಂದು ಹೊಳೆದಾಗ ನಗು ನಿಲ್ಲಿಸಿ ತಂತಿ ಸುತ್ತುತ್ತಿದ್ದೆ.

ನನಗೆ ಇದನ್ನೆಲ್ಲ ಕಲಿಸಿದ್ದು ಪ್ರೀತಿಗೆ ಮಾತ್ರವಲ್ಲ, ಗರಜಿಗೂ ಹೌದು. ಅತ್ತೆಯ ಕಣ್ಣು ಮಂದವಾಗುತ್ತಿತ್ತು. ಅಳೆಯುವ ಮೀಟರೊಂದಿತ್ತು, ಆದರೆ ಅದರ ಮುಳ್ಳಿನ ಕೆಳಗಿನ ಸಣ್ಣ ಅಂಕಿಗಳು ಅವರಿಗೆ ಬಣ್ಣಗಳಿಗಿಂತ ಮೊದಲೇ ಮಸುಕಾಗಿದ್ದವು. ಬೆಸೆಯಲು ಕಣ್ಣಿಗಿಂತ ಬೆರಳೇ ಸಾಕು ಎನ್ನುತ್ತಿದ್ದರು. ಗೆರೆ ಓದಲು ಮಾತ್ರ ಕಣ್ಣು ಬೇಕು. ಆ ಕಣ್ಣು ನಾನಾದೆ. ಬಣ್ಣಗಳಿಗೆ ಅವರು ತಮ್ಮದೇ ಹೆಸರಿಟ್ಟಿದ್ದರು. ಕಾಡಿಗೆ ಸೊನ್ನೆ, ಬೆಲ್ಲ ಒಂದು, ಕುಂಕುಮ ಎರಡು, ಚೆಂಡುಹೂವು ಮೂರು, ಅರಿಷಿಣ ನಾಲ್ಕು. ಹೀಗೆ ಗಿಳಿಹಸಿರು, ನೀಲಿ, ಬದನೆಕಾಯಿ, ಬೂದಿ ದಾಟಿ ಸುಣ್ಣಕ್ಕೆ ಒಂಬತ್ತು. ನಾನು ಬೆಳಕಿಗೆ ಹಿಡಿದು ಹೇಳುವುದು, ಅವರು ಕೇಳಿ ಬೆಸೆಯುವುದು. ಕಡೆಗೆ ರೇಡಿಯೋ ಒಂದು ಸಲ ಗೊರಗೊರ ಎಂದು ಮನುಷ್ಯರ ದನಿಯಲ್ಲಿ ಮಾತಾಡುತ್ತಿತ್ತಲ್ಲ, ಆಗ ಅವರ ಮುಖದಲ್ಲಿ ಕಾಣುತ್ತಿದ್ದ ಬೆಳಕನ್ನು ನಾನು ಆ ಮನೆಯಲ್ಲಿ ಬೇರೆ ಯಾವ ಹೊತ್ತಿನಲ್ಲೂ ನೋಡಲಿಲ್ಲ.

ಮದುವೆಯಾಗಿ ಎರಡು ವರ್ಷ ತುಂಬಿದ ಮೇಲೆ ಪಂಚಮಿಗೆ ತವರಿಗೆ ಹೋದಾಗ ಅಪ್ಪ ತರಬೇತಿಯ ಅರ್ಜಿ ತುಂಬಿಸಿ ಕಳಿಸಿಬಿಟ್ಟರು. ಸೀಟು ಸಿಕ್ಕ ಕಾಗದ ಇಂಡಿಗೆ ಬಂತು. ಎರಡು ವರ್ಷ ವಿಜಾಪುರದಲ್ಲೇ ಹಾಸ್ಟೆಲ್ಲಿನಲ್ಲಿದ್ದು ಓದಬೇಕು, ಹದಿನೈದು ದಿನದೊಳಗೆ ಹಾಜರಾಗಬೇಕು. ಮಾವ ಕಾಗದ ಓದಿ ಮಡಚಿ, "ನಮ್ಮ ಮನಿ ಸೊಸಿ ಹೊರಗ ನೌಕರಿ ಮಾಡೂದ ಬ್ಯಾಡ" ಎಂದರು. ಶನಿವಾರ ಬಂದ ಗಂಡ, "ಅಪ್ಪಾ ಹೇಳಿದಂಗ" ಎಂದು ಊಟಕ್ಕೆ ಕೂತರು. ಮಾವನಿಗೆ ನೌಕರಿಗಿಂತ ಬೇರೆ ಭಯವಿತ್ತು, ಅದು ಮೂವರಿಗೂ ಗೊತ್ತಿತ್ತು. ನಾನು ಹೋದರೆ ಬಣ್ಣ ಹೇಳುವವರಿಲ್ಲ. ಬಣ್ಣ ಹೇಳುವವರಿಲ್ಲದಿದ್ದರೆ ಅಂಗಡಿ ಇಲ್ಲ. ಹೊರಗಿನ ಯಾರನ್ನೂ ನಡುಮನೆಗೆ ಕರೆತರುವಂತಿಲ್ಲ. ನಾನು ಹಿತ್ತಲಿಗೆ ಹೋಗಿ ಬಾವಿಕಟ್ಟೆ ಹಿಡಿದು ಅತ್ತುಬಿಟ್ಟೆ. ಬಾವಿಗೆ ಬೀಳುವ ಯೋಚನೆ ಬಂದಿತ್ತೆಂದು ಈಗ ಹೇಳಲು ನನಗೆ ನಾಚಿಕೆಯಿಲ್ಲ.

ಅತ್ತೆ ಮೂರು ದಿನ ಕಡ್ಡಿ ಮುಟ್ಟಲಿಲ್ಲ. ಮಧ್ಯಾಹ್ನ ನಡುಮನೆಗೂ ಬರಲಿಲ್ಲ. ನಾಲ್ಕನೆಯ ದಿನ ಸಂತೆ. ಸಂತೆಗೆ ಬಂದ ಹಳ್ಳಿಯವರು ರಿಪೇರಿಗೆ ಕೊಟ್ಟ ರೇಡಿಯೋ ಒಯ್ಯುವ ದಿನ ಅದು. ಬೆಳಿಗ್ಗೆ ಮಾವ ಅಂಗಡಿ ತೆರೆದು ನೋಡಿದರೆ ಅವತ್ತು ಕೊಡಬೇಕಿದ್ದ ಐದೂ ರೇಡಿಯೋಗಳು ಹಿಂಬದಿ ಬಿಚ್ಚಿಕೊಂಡು, ತಂತಿ ಹೊರಗೆ ಚೆಲ್ಲಿಕೊಂಡು ಅವರ ಮೇಜಿನ ಮೇಲೆ ಸಾಲಾಗಿ ಕೂತಿದ್ದವು. ಒಂದರಲ್ಲೂ ಒಂದು ಬೆಸುಗೆಯೂ ಆಗಿರಲಿಲ್ಲ. ಮಾವ ಒಳಗೆ ಓಡಿಬಂದರು. ಹೊರಗೆ ಹೊರ್ತಿಯ ಗಿರಾಕಿಯೊಬ್ಬರು ಆಗಲೇ ಬಂದು ಕೂತಿದ್ದರಿಂದ ಕೂಗುವ ಹಾಗಿರಲಿಲ್ಲ.

"ಏನಿದು? ನನ್ನ ಮಾನಾ ಕಳೀಬೇಕಂತ ಮಾಡಿಯೇನು?" ಎಂದು ಪಿಸುಗುಟ್ಟಿದರು.

ಅತ್ತೆ ರೊಟ್ಟಿ ಬಡಿಯುತ್ತಲೇ ಹೇಳಿದರು, "ಹುಡುಗಿನ್ನ ವಿಜಾಪುರಕ್ಕ ಕಳಸ್ತೇನಿ ಅನ್ರಿ. ಸಂಜೀತನಕ ಐದೂ ಮಾತಾಡಸ್ತೇನಿ."

"ಆಕಿ ಹ್ವಾದ್ರ ನಿನಗ ಬಣ್ಣಾ ಯಾರ ಹೇಳ್ತಾರ?"

"ಅದು ನನ್ನ ಚಿಂತಿ."

"ಕಣ್ಣ ಇಲ್ಲದ ಏನ ಮಾಡ್ತೀ?"

ಅತ್ತೆ ರೊಟ್ಟಿಯನ್ನು ಹಂಚಿಗೆ ಹಾಕಿ ನೀರು ಸವರಿದರು. "ನಿಮಗ ಕೈ ಇಲ್ಲದಾಗ ಏನ ಮಾಡಿದ್ರಿ? ನಾ ಇದ್ದೆ. ಆಕೀಗೆ ಯಾರದಾರ?"

ಮಾವ ಬಾಗಿಲಿನ ಚೌಕಟ್ಟು ಹಿಡಿದು ನಿಂತರು. ಅವರ ಕೈ ನಡುಗಿ ಚೌಕಟ್ಟಿನ ಚಿಲಕ ಸದ್ದು ಮಾಡುತ್ತಿತ್ತು. ಹೊರಗಿನಿಂದ ಗಿರಾಕಿ, "ಆತೇನ್ರಿ?" ಎಂದರು. ಮಾವ ನನ್ನ ಕಡೆ ನೋಡದೆ, "ಹೋಗಲಿ ತಗೋ" ಎಂದು ಹೇಳಿ, ಸಂಜೆಗೆ ಬರಬೇಕೆಂದು ಗಿರಾಕಿಗೆ ಹೇಳಲು ಹೋದರು.

ಅವತ್ತು ಮೊದಲ ಸಲ ನಾವು ಹಗಲಿಡೀ ಕೆಲಸ ಮಾಡಿದೆವು. ಮೂರನೆಯ ರೇಡಿಯೋದ ಹೊತ್ತಿಗೆ ನಾನು ಬಣ್ಣ ಹೇಳುವುದನ್ನು ನಿಲ್ಲಿಸಿದೆ. ರೆಸಿಸ್ಟರು ಕೈಯಲ್ಲಿ ಹಿಡಿದು, "ಅತ್ತಿ, ನಾ ಹ್ವಾದ್ರ ನೀವು ಇದನ್ನ ಮಾಡಾಕ ಆಗಂಗಿಲ್ರಿ. ನಾ ಹೋಗೂದಿಲ್ಲ" ಎಂದೆ. ಆ ಮಾತು ಪೂರ್ತಿ ನಿಜವಾಗಿರಲಿಲ್ಲ. ಹೋಗಬೇಡ ಎಂದು ಅವರು ಹೇಳಿಬಿಟ್ಟರೆ ಎಂಬ ಹೆದರಿಕೆಯಲ್ಲೇ ಹೇಳಿದ್ದೆ. ಅತ್ತೆ ಕಡ್ಡಿ ಎತ್ತಿ ಹಿಡಿದುಕೊಂಡು ಕಾಯುತ್ತಿದ್ದರು.

"ಮುಂದಿನ ಬಣ್ಣಾ ಹೇಳು" ಎಂದರು.

ಹೇಳಿದೆ. ಸಂಜೆಗೆ ಐದೂ ರೇಡಿಯೋಗಳು ಮಾತಾಡಿದವು.

ಉಳಿದ ದಿನಗಳಲ್ಲಿ ಮನೆಯಲ್ಲಿದ್ದ ಹೊಸ ರೆಸಿಸ್ಟರುಗಳನ್ನೆಲ್ಲ ಆರಿಸಿ ಚಿಂದಿಬಟ್ಟೆಯಲ್ಲಿ ಸಣ್ಣ ಸಣ್ಣ ಗಂಟು ಕಟ್ಟಿಕೊಟ್ಟೆ. ಅಳತೆಗೆ ತಕ್ಕ ಹಾಗೆ ದಾರದಲ್ಲಿ ಕುಣಿಕೆಗಳನ್ನು ಹಾಕಿದೆ, ಬೆರಳಾಡಿಸಿ ಎಣಿಸಿದರೆ ಗೊತ್ತಾಗಲಿ ಎಂದು. ಆದರೆ ರೇಡಿಯೋದೊಳಗೆ ಸುಟ್ಟುಹೋದದ್ದರ ಬಣ್ಣ ಓದಲು ಆ ಗಂಟುಗಳು ನೆರವಾಗುವಂತಿರಲಿಲ್ಲ. ನಾನು ಹೋದರೆ ಅವರ ಕೆಲಸ ಮುಗಿಯುತ್ತದೆ ಎಂದು ನನಗೆ ಗೊತ್ತಿತ್ತು. ಗೊತ್ತಿದ್ದೂ ಹೋದೆ. ಬಸ್ಸು ಇಂಡಿ ದಾಟಿದ ಮೇಲೆ ಕಿಟಕಿಯ ಗಾಳಿಗೆ ಮುಖ ಒಡ್ಡಿ ನಕ್ಕೆ ಕೂಡ.

ಗಂಟುಗಳು ಎರಡು ತಿಂಗಳು ನಡೆಸಿದವು. ಆಮೇಲೆ ಝಳಕಿಯ ಸಾಹುಕಾರರ ರೇಡಿಯೋ ಬಂತು. ಅದರಲ್ಲಿ ಸುಟ್ಟದ್ದರ ಮೇಲಿನ ಗೆರೆ ಬೆಲ್ಲ, ಕಾಡಿಗೆ, ಚೆಂಡುಹೂವು. ಅತ್ತೆ ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿ ಕಡೆಯದನ್ನು ಕುಂಕುಮವೆಂದುಕೊಂಡರು. ಕಡೆಯ ಗೆರೆ ಎಷ್ಟು ಸೊನ್ನೆ ಸೇರಿಸಬೇಕೆಂದು ಹೇಳುವಂಥದ್ದು; ಒಂದು ಸೊನ್ನೆ ತಪ್ಪಿ, ಹತ್ತು ಪಾಲು ಇರಬೇಕಾದಲ್ಲಿ ಒಂದೇ ಪಾಲಿನದು ಕೂತಿತು. ಮುಂದಿನ ಕೋಣೆಯಲ್ಲಿ, ಹತ್ತು ಜನರ ಎದುರಿಗೆ, ಸಾಹುಕಾರರು ಗುಂಡಿ ತಿರುವಿದಾಗ ರೇಡಿಯೋದಿಂದ ಹೊಗೆ ಎದ್ದಿತು. ಮಾವ ಎದ್ದು ನಿಂತು, "ತಪ್ಪ ನಂದ್ರಿ. ನನ್ನ ಕೈ ಸರಿ ಇಲ್ಲ" ಎಂದು ಶಾಲು ತೆಗೆದು ಎರಡೂ ಕೈ ಎಲ್ಲರ ಮುಂದೆ ಚಾಚಿದರು. ಅಷ್ಟು ವರ್ಷ ಮುಚ್ಚಿಟ್ಟ ಕೈಗಳನ್ನು ಹೆಂಡತಿಯ ತಪ್ಪು ಮುಚ್ಚಲು ಅವರೇ ತೆರೆದು ತೋರಿಸಿದರು. ಆ ವಾರವೇ ಅಂಗಡಿ ಮುಚ್ಚಿತು. ಮನೆ ಮಗನ ಪಗಾರದ ಮೇಲೆ ಬಿತ್ತು.

ದೀಪಾವಳಿ ಸೂಟಿಗೆ ಬಂದಾಗ ನನಗೆ ಈ ಸುದ್ದಿ ತಿಳಿಯಿತು. ಮಧ್ಯಾಹ್ನದ ಹೊತ್ತು, ಅತ್ತೆ ನಡುಮನೆಯಲ್ಲಿ ಅದೇ ಚಾಪೆಯ ಮೇಲೆ ಕೈ ಮಡಿಲಲ್ಲಿಟ್ಟು ಕೂತಿದ್ದರು. ಅವರ ಮುಂದೆ ಏನೂ ಇರಲಿಲ್ಲ. ಬರೀ ಕೈಯಲ್ಲಿ ಅವರನ್ನು ನಾನು ಅದಕ್ಕಿಂತ ಮೊದಲು ನೋಡಿರಲೇ ಇಲ್ಲ. ಅವರ ಕಾಲ ಹತ್ತಿರ ಕೂತು ಜೋರಾಗಿ ಅತ್ತುಬಿಟ್ಟೆ. ತರಬೇತಿ ಬಿಟ್ಟು ಬರುತ್ತೇನೆ ಎಂದೆ. ಅವರಿಗೆ ಸಿಟ್ಟು ಬಂತು. "ಅಳಬ್ಯಾಡ, ಕಣ್ಣ ಕೆಡತಾವ. ಈ ಮನಿಯಾಗ ಒಬ್ಬಾಕಿ ಕಣ್ಣರ ನೆಟ್ಟಗಿರಲಿ" ಎಂದು ಗದರಿದರು. ಆಮೇಲೆ ವಿಜಾಪುರದ ಸುದ್ದಿ ಕೇಳಿದರು. ಹಾಸ್ಟೆಲ್ಲಿನ ಕೋಣೆಗೆ ಕಿಟಕಿ ಎಷ್ಟು, ಅದರಿಂದ ಏನು ಕಾಣುತ್ತದೆ, ದಿನಕ್ಕೆ ಎಷ್ಟು ಲಾರಿ ಹೋಗುತ್ತವೆ ಎಂದೆಲ್ಲ ಕೇಳಿದರು. ಹೇಳುತ್ತ ಹೋದೆ. ಹೇಳುತ್ತಿದ್ದಂತೆ ನನಗೆ ನನ್ನ ಮೇಲೆಯೇ ಹೇಸಿಗೆಯಾಗುತ್ತಿತ್ತು.

ತರಬೇತಿ ಮುಗಿಸಿ ಮುದ್ದೇಬಿಹಾಳ ತಾಲೂಕಿನ ಒಂದು ಹಳ್ಳಿಯ ಸಾಲೆಗೆ ಸೇರಿದೆ. ಕೆಲವು ತಿಂಗಳಿಗೆ ಆ ಕಡೆ ಕಣ್ಣಿನ ಶಿಬಿರ ಏರ್ಪಾಡಾಯಿತು. ಹಠ ಹಿಡಿದು ಅತ್ತೆಯನ್ನು ಕರೆದೊಯ್ದೆ. ಮದುವೆಯಾದ ಮೇಲೆ ಅವರು ಇಂಡಿ ಬಿಟ್ಟು ಹೊರಟದ್ದು ಅದೇ ಮೊದಲು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂರಿಸಿದೆ. ಅವರಿಗೆ ಬೆಳಕು ನೆರಳು ಬಿಟ್ಟರೆ ಹೆಚ್ಚೇನೂ ಕಾಣುತ್ತಿರಲಿಲ್ಲ. ಆದರೂ ಉದ್ದಕ್ಕೂ ಮುಖ ಹೊರಗೆ ಚಾಚಿಯೇ ಕೂತಿದ್ದರು. ಡ್ರೈವರ ಏರಿನಲ್ಲಿ ಗೇರು ಬದಲಿಸಲು ತಡಮಾಡಿದಾಗಲೆಲ್ಲ ನನ್ನ ತೊಡೆ ಚಿವುಟಿ, "ನೋಡು, ಗಾಡಿ ಬೈಯಾಕತ್ತೈತಿ ಅವಗ" ಎನ್ನುತ್ತಿದ್ದರು. ಶಿಬಿರದ ಡಾಕ್ಟರು ಬ್ಯಾಟರಿಯ ಬೆಳಕು ಬಿಟ್ಟು ಎರಡೂ ಕಣ್ಣು ನೋಡಿದರು. ಪೊರೆಯನ್ನು ತೆಗೆಯಬಹುದಿತ್ತು, ಆದರೆ ಒಳಗಿನ ನರ ಒಣಗಿಹೋಗಿದೆ ಎಂದರು. "ಎರಡು ವರ್ಷ ಮೊದಲು ಕರೆದುಕೊಂಡು ಬಂದಿದ್ದರೆ ಏನಾದರೂ ಮಾಡಬಹುದಿತ್ತು." ಆ ಎರಡು ವರ್ಷ ನಾನು ವಿಜಾಪುರದಲ್ಲಿ ಓದುತ್ತಿದ್ದೆ. ನಾನು ಏನು ಲೆಕ್ಕ ಹಾಕುತ್ತಿದ್ದೇನೆಂದು ಅತ್ತೆಗೆ ತಿಳಿಯಿತೆಂದು ಕಾಣುತ್ತದೆ. ಹೊರಗೆ ಬಂದು ಮರದ ಕೆಳಗೆ ಕೂತಾಗ ನನ್ನ ಕೈ ಹಿಡಿದು, "ನೀ ಮನಿಯಾಗ ಇದ್ದಿದ್ರೂ ಯಾರ ನಮ್ಮನ್ನ ಹೊರಗ ಬಿಡತಿದ್ರು? ಇಬ್ಬರೂ ಒಳಗ ಕುಂದರತಿದ್ವಿ, ಅಷ್ಟ" ಎಂದರು.

ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ ಒಂದು ಬೇಸಿಗೆಯಲ್ಲಿ ಅವರು ಹೋದರು. ಮೂರು ದಿನ ಜ್ವರ ಬಂದದ್ದೇ ನೆಪ. ಸುದ್ದಿ ಮುಟ್ಟಿ ನಾನು ಇಂಡಿ ತಲುಪುವಷ್ಟರಲ್ಲಿ ಮಣ್ಣು ಮಾಡಿಬಂದಿದ್ದರು. ಮರುದಿನ ಮುಂದಿನ ಕೋಣೆಯಲ್ಲಿ ಗಂಡಸರು ಮಾತಾಡಿಸಲು ಬಂದು ಕೂತರು, ನಡುಮನೆಯಲ್ಲಿ ಹೆಂಗಸರು. ಝಳಕಿಯ ಸಾಹುಕಾರರೂ ಬಂದಿದ್ದರು. ವಯಸ್ಸಾಗಿತ್ತು, ದನಿ ಮಾತ್ರ ಹಾಗೇ ಇತ್ತು. ಮಾವನನ್ನು ಸಮಾಧಾನ ಮಾಡಲೆಂದೋ ಏನೋ, "ಹಳೇ ದಿನಾ ಹ್ವಾದೂ ಬಿಡ್ರಿ. ನಿಮ್ಮಂಗ ರೇಡಿಯೋ ಮಾಡಾವ್ರು ಈ ಭಾಗದಾಗ ಮತ್ತ ಹುಟ್ಟಲಿಲ್ಲ" ಎಂದರು. ಉಳಿದವರು ಹೌದೌದೆಂದರು.

ಆಮೇಲೆ ಮಾವನ ದನಿ ಕೇಳಿತು. "ನಾ ಮಾಡ್ತಿದ್ದಿಲ್ರಿ. ಆಕಿ ಮಾಡ್ತಿದ್ಲು. ಎಲ್ಲಾ ಆಕೀನ ಮಾಡಿದ್ದು. ನಾ ಬರೇ ಹೊರಗ ಕುಂತಿರ್ತಿದ್ದೆ."

ನಾನು ಪರದೆಯ ಹಿಂದೆಯೇ ಇದ್ದೆ. ಸಂದಿಯಿಂದ ಎಲ್ಲ ಕಾಣುತ್ತಿತ್ತು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಸಾಹುಕಾರರು ಮಾವನ ಬೆನ್ನ ಮೇಲೆ ಕೈಯಿಟ್ಟು, ಮಗುವಿಗೆ ಹೇಳುವಂತೆ ಹೇಳಿದರು, "ದುಃಖದಾಗ ಹಂಗ ಅನಸತೈತ್ರಿ. ಸಮಾಧಾನ ಮಾಡ್ಕೋರಿ. ಮಲಕೋರಿ ಒಂದೀಟು." ನನ್ನ ಗಂಡ ತಲೆ ತಗ್ಗಿಸಿಕೊಂಡು ಕೂತೇ ಇದ್ದರು. ಮಾವ, "ಖರೇ ಹೇಳಾಕತ್ತೇನ್ರಿ" ಎಂದು ಇನ್ನೊಮ್ಮೆ ಹೇಳಿ ಪರದೆಯ ಕಡೆ ತಿರುಗಿ ನೋಡಿದರು. ನಾನು ಅಲ್ಲಿದ್ದೇನೆಂದು ಅವರಿಗೆ ಗೊತ್ತಿತ್ತು. ಅದನ್ನು ಕಂಡವಳು ನಾನೊಬ್ಬಳೇ ಎಂದೂ ಗೊತ್ತಿತ್ತು.

ನಾನಾಗ ಸಾಲೆಯ ಶಿಕ್ಷಕಿ, ಮಕ್ಕಳ ಬಾಯಾರು. ಅರವತ್ತು ಮಕ್ಕಳಿಗೆ ಹಿಂದಿನ ಬೆಂಚಿನವರೆಗೂ ಕೇಳುವಂತೆ ಪಾಠ ಹೇಳುತ್ತಿದ್ದವಳು. ಪರದೆ ಸರಿಸಿ ಒಂದು ಹೆಜ್ಜೆ ಇಟ್ಟಿದ್ದರೆ ಸಾಕಿತ್ತು. ಸತ್ತ ಮನೆಯಲ್ಲಿ ಸೊಸೆ ಗಂಡಸರ ನಡುವೆ ಬಂದು ಬಾಯಿ ಹಾಕಿದಳು ಎಂದಾರು, ಓದಿದ್ದಕ್ಕೇ ಹೀಗಾಯಿತು ಎಂದಾರು ಎಂದು ಹೆದರಿದೆ. ಪರದೆಯ ಅಂಚು ಹಿಡಿದುಕೊಂಡು ನಿಂತೇ ಇದ್ದೆ. ಸ್ವಲ್ಪ ಹೊತ್ತಿಗೆ ಮಾವ ಮುಖ ತಿರುಗಿಸಿಕೊಂಡರು. ಹೊರಗೆ ಯಾರೋ ಮಳೆಯ ಮಾತು ತೆಗೆದರು.

ಅತ್ತೆ ನನಗಾಗಿ ತಮ್ಮ ಕೆಲಸವನ್ನೇ ಬಿಟ್ಟುಕೊಟ್ಟಿದ್ದರು. ನಾನು ಅವರಿಗಾಗಿ ಒಂದು ಮಾತು ಆಡಲಿಲ್ಲ. ಮಾವ ತೀರಿಕೊಂಡರು, ಸಾಹುಕಾರರೂ ತೀರಿಕೊಂಡರು. ಅವತ್ತು ಆ ಕೋಣೆಯಲ್ಲಿ ಕೂತಿದ್ದವರಲ್ಲಿ ಈಗ ಯಾರೂ ಉಳಿದಿಲ್ಲ. ಆಡಬೇಕಾಗಿದ್ದ ಮಾತು ಇಷ್ಟೇ ಇತ್ತು: "ಹೌದ್ರಿ, ಮಾವಾರು ಖರೇ ಹೇಳಾಕತ್ತಾರ. ಎಲ್ಲಾ ನಮ್ಮತ್ತೀನ ಮಾಡ್ತಿದ್ರು. ನಾ ಬಾಜೂಕ ಕುಂತ ನೋಡೇನಿ."